ಏಕತಾರಿಯ ಮೈಮೇಲಿನ ಚರಿತ್ರೆ

ಮಸ್ಕಿಯ ಹೆಸರು ಚರಿತ್ರೆಯ ಪುಸ್ತಕಗಳಿಗೆ ಸೇರಿದ್ದು ಒಂದು ಬಂಡೆಯಿಂದ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಈ ಸೀಮೆಯಲ್ಲಿ ಚಿನ್ನದ ಸುಳಿವು ಹುಡುಕುತ್ತಿದ್ದಾಗ ಬ್ರಾಹ್ಮಿ ಲಿಪಿಯ ಶಾಸನವೊಂದು ಕಣ್ಣಿಗೆ ಬಿತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ತಿಳಿದಿದ್ದ ಅರಸನ ಸ್ವಂತ ಹೆಸರು, ಅಶೋಕ, ಇಲ್ಲಿನ ಕಲ್ಲಿನ ಮೇಲಿತ್ತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮಸ್ಕಿಯ ಬಂಡೆಗೆ ಈಗ ಸರ್ಕಾರದ ರಕ್ಷಣೆಯಿದೆ, ಫಲಕವಿದೆ, ನೋಡಲು ಬರುವ ವಿದ್ಯಾರ್ಥಿಗಳಿದ್ದಾರೆ.

ಅದೇ ಮಸ್ಕಿ ಸೀಮೆಯ ವಳಕಮದಿನ್ನಿಯಿಂದ ಕಳೆದ ವರ್ಷ ನನ್ನ ಕೈಗೆ ಬಂದ ಏಕತಾರಿಗೆ ಇದ್ಯಾವುದೂ ಇಲ್ಲ. ಒಂದು ಸೋರೆಬುರುಡೆ, ಒಂದು ಬಿದಿರ ಕೋಲು, ಒಂದು ತಂತಿ, ಒಂದು ಬಿರಡೆ, ಅಂಗೈಯಗಲದ ತೊಗಲು. ಸಂತೆಯಲ್ಲಿ ಮಾರಲು ಹೋದರೆ ಬಸ್ ಚಾರ್ಜೂ ಹುಟ್ಟುವುದಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಒಂದು ವಸ್ತುವನ್ನು ಪುರಾತನವೆಂದು ಒಪ್ಪಬೇಕಾದರೆ ಅದಕ್ಕೆ ನೂರು ವರ್ಷ ಆಗಿರಬೇಕು. ಹಸ್ತಪ್ರತಿಗಾದರೆ ಎಪ್ಪತ್ತೈದು ಸಾಕು. ನೂರು ವರ್ಷ ಬಾಳುವ ಸೋರೆಬುರುಡೆ ಅಪರೂಪ. ಬಡವರ ವಾದ್ಯಗಳು ಕಾಯ್ದೆ ಹೇಳುವ ವಯಸ್ಸಿಗೆ ಬರುವ ಮೊದಲೇ ಒಡೆಯುತ್ತವೆ, ಹುಳ ಹಿಡಿಯುತ್ತವೆ, ಒಲೆಗೆ ಹೋಗುತ್ತವೆ. ಉಳಿದವು ಉಳಿದದ್ದು ಯಾರೋ ಮತ್ತೆ ಮತ್ತೆ ರಿಪೇರಿ ಮಾಡಿದ್ದಕ್ಕೆ. ಹಾಗಾಗಿ ಇಂಥ ವಾದ್ಯದ ಚರಿತ್ರೆ ಬರೆಯುವುದೆಂದರೆ ಅದರ ರಿಪೇರಿಗಳ ಚರಿತ್ರೆ ಬರೆಯುವುದು. ಇದು ನನಗೆ ತಿಳಿದದ್ದು ಗ್ರಂಥಾಲಯದಲ್ಲಲ್ಲ. ಲಿಂಗಸುಗೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ, ಆ ಏಕತಾರಿಯನ್ನು ಬಿಚ್ಚಿ ಜೋಡಿಸುವಾಗ.

ಹೆಸರು ಹಳೆಯದು, ವಾದ್ಯ ಬೇರೆ

ನನ್ನ ಸಂಶೋಧನೆ ಈ ಭಾಗದ ತತ್ವಪದಗಳ ಹಾಡಿಕೆಯ ಬಗ್ಗೆ. ಪದಗಳನ್ನು ಕೂಡಿಸುವ ಕೆಲಸ ಕನ್ನಡದಲ್ಲಿ ಚೆನ್ನಾಗಿಯೇ ನಡೆದಿದೆ. ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚೆನ್ನೂರು ಜಲಾಲಸಾಹೇಬ, ಖೈನೂರು ಕೃಷ್ಣಪ್ಪ ಮೊದಲಾದವರ ಪದಗಳು ಅಚ್ಚಾಗಿವೆ. ಆದರೆ ಪದದ ಜೊತೆಗಿದ್ದ ವಾದ್ಯದ ಬಗ್ಗೆ ಪುಸ್ತಕಗಳಲ್ಲಿ ಸಿಗುವುದು ಒಂದೆರಡು ಸಾಲು. 'ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಹಾಡುತ್ತಾರೆ' ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಇನ್ನು ವಾದ್ಯದ ಹಳಮೆ ಹುಡುಕಹೊರಟವರು ನೇರ 'ಸಂಗೀತರತ್ನಾಕರ'ಕ್ಕೆ ಹೋಗುತ್ತಾರೆ. ಸೇವುಣರ ದೊರೆ ಸಿಂಘಣನ ಆಶ್ರಯದಲ್ಲಿ 13ನೇ ಶತಮಾನದಲ್ಲಿ ಶಾರ್ಙ್ಗದೇವ ಬರೆದ ಆ ಗ್ರಂಥ ಏಕತಂತ್ರಿ ಎಂಬ ವೀಣೆಗೆ ಎತ್ತರದ ಸ್ಥಾನ ಕೊಟ್ಟಿದೆ. ಅದರ ದಂಡ ಶಂಭು, ತಂತಿ ಉಮೆ, ಬುರುಡೆ ಬ್ರಹ್ಮ, ನಾಭಿ ಸರಸ್ವತಿ, ನಾದ ಝೇಂಕರಿಸುವಂತೆ ತಂತಿಯಡಿ ಇಡುವ ಜೀವಾ ಚಂದ್ರ. ಕಂಡರೂ ಮುಟ್ಟಿದರೂ ಪಾಪ ಕಳೆಯುತ್ತದೆ ಎಂಬ ಹೊಗಳಿಕೆಯೂ ಇದೆ. ಇದನ್ನು ಓದಿ ನಮ್ಮ ಊರಿನ ಏಕತಾರಿ ಅದರ ನೇರ ಮೊಮ್ಮಗ ಎಂದು ಬರೆಯುವುದು ಸುಲಭ. ಆದರೆ ಏಕತಂತ್ರಿಯಲ್ಲಿ ತಂತಿಯ ಮೇಲೆ ಕಂಬಿ ಜಾರಿಸಿ ರಾಗವನ್ನೇ ನುಡಿಸುತ್ತಿದ್ದರು. ನಮ್ಮ ಏಕತಾರಿ ರಾಗ ನುಡಿಸುವುದಿಲ್ಲ, ಸುತಿ ಹಿಡಿಯುತ್ತದೆ. ಒಂದರ ಬುರುಡೆ ಕೋಲಿನ ಕೆಳಗೆ ತೂಗುತ್ತಿತ್ತು. ಇನ್ನೊಂದರಲ್ಲಿ ಕೋಲೇ ಬುರುಡೆಯನ್ನು ತೂರಿಕೊಂಡು ಹೋಗುತ್ತದೆ, ಬುರುಡೆಯ ಬಾಯಿಗೆ ತೊಗಲು ಬಿಗಿದಿರುತ್ತದೆ. ಹೆಸರು ಒಂದೇ ಎಂದು ವಂಶವೂ ಒಂದೇ ಎನ್ನಲಾಗದು.

ಗ್ರಂಥಕ್ಕಿಂತ ಹತ್ತಿರದ ಸಾಕ್ಷಿ ವಚನದಲ್ಲಿದೆ. ಬಸವಣ್ಣನವರ ಒಂದು ವಚನದಲ್ಲಿ ಭಕ್ತ ತನ್ನ ಮೈಯನ್ನೇ ವಾದ್ಯ ಮಾಡೆಂದು ಬೇಡುತ್ತಾನೆ: ಕಾಯ ದಂಡಿಗೆ, ತಲೆ ಸೋರೆ, ನರ ತಂತಿ, ಬೆರಳು ಮೀಟುವ ಕಡ್ಡಿ. ಕೊನೆಗೆ ಎದೆಗೊತ್ತಿಕೊಂಡು ಬಾರಿಸೆಂದು ದೇವರನ್ನು ಕೇಳುತ್ತಾನೆ. ಇದನ್ನು ನಾವು ಭಕ್ತಿಯ ರೂಪಕವೆಂದು ಓದುತ್ತೇವೆ, ಸರಿಯೇ. ವಾದ್ಯ ಬಲ್ಲವರು ಓದಿದರೆ ಇನ್ನೊಂದು ಕಾಣುತ್ತದೆ. ಅರೆಬುರುಡೆಯ ಬಾಯನ್ನು ಎದೆಗೆ ಒತ್ತಿ, ಒತ್ತು ಹೆಚ್ಚು ಕಡಿಮೆ ಮಾಡಿ ನಾದ ತಿದ್ದುವ ವೀಣೆಗಳು ಆ ಕಾಲದಲ್ಲಿದ್ದವು. ಶಿಲ್ಪಗಳಲ್ಲಿ ಅವುಗಳ ರೂಪ ಉಳಿದಿದೆ. ಅಂದರೆ ವಚನ ಆಡುತ್ತಿರುವುದು ಕಣ್ಣಾರೆ ಕಂಡ, ಬಹುಶಃ ಕೈಯಾರೆ ಹಿಡಿದ ವಾದ್ಯದ ಮಾತು. ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯನೂ ಶರಣರಲ್ಲಿ ಒಬ್ಬ. ವಾದ್ಯ ಮೈಯಾಗುವ, ಮೈ ವಾದ್ಯವಾಗುವ ಈ ಮಾತು ಮುಂದೆ ದಾಸರಲ್ಲಿ, ಶಿಶುನಾಳ ಶರೀಫರ ತಂಬೂರಿಯ ಪದದಲ್ಲಿ, ತತ್ವಪದಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಈ ಸೀಮೆ ದಾಸರದೂ ಹೌದು. ವಿಜಯದಾಸರು ಚೀಕಲಪರ್ವಿಯವರು, ಗೋಪಾಲದಾಸರು ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿಯವರು, ಪ್ರಾಣೇಶದಾಸರು ನಮ್ಮ ಲಿಂಗಸುಗೂರಿನವರು. ಇಪ್ಪತ್ತನೇ ಶತಮಾನಕ್ಕೆ ಬಂದರೆ ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರಿದ್ದಾರೆ; ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರು. ಜಂಬಲದಿನ್ನಿ, ವಳಕಮದಿನ್ನಿ: ದಿನ್ನಿಯೆಂದರೆ ದಿಬ್ಬ. ಒಂದು ದಿನ್ನಿಯ ಗಾಯಕನ ಹಿಂದೆ ನಾಲ್ಕು ತಂತಿಯ ದೊಡ್ಡ ತಂಬೂರಿ ಇತ್ತು, ಇನ್ನೊಂದು ದಿನ್ನಿಯ ಭಜನೆಯ ಗುಡಿಯಲ್ಲಿ ಒಂದೇ ತಂತಿ. ಆ ದೊಡ್ಡ ತಂಬೂರಿಗಳು ಬರುತ್ತಿದ್ದುದು ಹೆಚ್ಚಾಗಿ ಮಿರಜದಿಂದ. ಆಯುಧ ಸಾಣೆ ಹಿಡಿಯುವ ಕಸುಬಿನ ಮನೆತನದ ಫರೀದಸಾಹೇಬರು 19ನೇ ಶತಮಾನದ ನಡುವೆ ಅಲ್ಲಿ ವಾದ್ಯ ತಯಾರಿಕೆ ಆರಂಭಿಸಿದರು. ಮಿರಜದ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಏಕತಾರಿಗೆ ಅಂಥ ಒಂದು ಊರಿಲ್ಲ. ಬುರುಡೆ ಹಿತ್ತಲದ್ದು, ಬಿದಿರು ಮೇದಾರರದು, ಬಿರಡೆ ಊರ ಬಡಿಗನದು, ತೊಗಲು ಹದ ಮಾಡಿದವರು ಊರ ಹೊರಗಿನವರು, ತಂತಿ ಪೇಟೆಯದು. ಹಾಡುವವನೇ ಇವನ್ನೆಲ್ಲ ಕೂಡಿಸಿ ಕಟ್ಟಿಕೊಳ್ಳಬೇಕು. ತೊಗಲು ಹದ ಮಾಡಿದವನ ಮನೆಯ ನೀರು ಕುಡಿಯದವರೂ ಆ ತೊಗಲಿನ ನಾದಕ್ಕೆ ತಲೆದೂಗಿದ್ದಾರೆ. ತತ್ವಪದಕಾರರು ಜಾತಿಯ ಬಗ್ಗೆ ಹಾಡಿ ಹೇಳಿದ್ದು ಎಷ್ಟೋ, ಅವರ ಕೈಯಲ್ಲಿದ್ದ ವಾದ್ಯ ಹಾಡದೆ ಹೇಳಿದ್ದು ಅಷ್ಟೇ ಇದೆ.

ಹಸಿರು ಬಣ್ಣ

ನನಗೆ ಸಿಕ್ಕ ಏಕತಾರಿ ಮೂರು ಅಡಿ ಉದ್ದ. ಬುರುಡೆಯಲ್ಲಿ ಗೇಣುದ್ದದ ಬಿರುಕು. ತೊಗಲು ಹರಿದು ಮಡಚಿಕೊಂಡಿತ್ತು. ಬಿದಿರು ಬಿರಡೆಯ ತೂತಿನಿಂದ ಕೆಳಕ್ಕೆ ಸೀಳಿತ್ತು. ತಂತಿಯ ಬದಲು ಸೈಕಲ್ಲಿನ ಬ್ರೇಕ್ ವೈರಿನ ಒಂದು ಎಳೆ. ಮೈತುಂಬ ಹಸಿರು ಆಯಿಲ್ ಪೇಂಟು, ಅಲ್ಲಲ್ಲಿ ಚಕ್ಕೆ ಎದ್ದದ್ದು. ಅದರ ಯಜಮಾನರು ಎಂಬತ್ತರ ಅಂಚಿನ ಭಜನೆಯ ಅಜ್ಜ. ಮೊಮ್ಮಗ ಮೊಬೈಲಿನಲ್ಲಿ ತಂಬೂರಿಯ ಸುತಿ ಹಾಕಿಕೊಡುತ್ತಾನೆ, ಅಜ್ಜ ಅದರ ಮೇಲೆ ಹಾಡುತ್ತಾರೆ. 'ಅದು ತಪ್ಪಂಗಿಲ್ಲ, ಖರೆ. ಆದ್ರ ನಾ ತಪ್ಪಿದ್ರ ನನ್ನ ಕಾಯಂಗಿಲ್ಲ' ಎಂದು ಅಜ್ಜ ಅಂದದ್ದು ನನ್ನ ಕ್ಷೇತ್ರಕಾರ್ಯದ ಪುಸ್ತಕದಲ್ಲಿದೆ. ಶ್ರಾವಣದ ಭಜನೆಯ ಹೊತ್ತಿಗೆ ಏಕತಾರಿ ನುಡಿಯುವ ಹಾಗೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡು ತಂದೆ.

ತರುವಾಗ ನನ್ನ ಮನಸ್ಸಿನಲ್ಲಿ ಒಂದು ಆಸೆ ಇತ್ತು. ಚಕ್ಕೆ ಎದ್ದಲ್ಲೆಲ್ಲ ಹಸಿರಿನ ಕೆಳಗೆ ಕಂದು ಹೊಳಪಿನ ಇನ್ನೊಂದು ಪದರ ಇಣುಕುತ್ತಿತ್ತು. ಪೇಂಟು ತೆಗೆದರೆ ಹಳೆಯ ಮೈ ಕಾಣುತ್ತದೆ, ಮೂಲ ಕಾಣುತ್ತದೆ. ಹಸ್ತಪ್ರತಿ ಓದುವವರು ಪ್ರಕ್ಷೇಪ ಕಳೆದು ಮೂಲಪಾಠಕ್ಕೆ ಹೋಗುವಂತೆ. ಅಜ್ಜನನ್ನು ಕೇಳಿದಾಗ ಅವರು ಬೇಡ ಅನ್ನಲಿಲ್ಲ, ತಮ್ಮ ಮನೆಯ ಬಾಗಿಲ ಕಡೆ ಕೈ ತೋರಿಸಿದರು. ಬಾಗಿಲೂ ಅದೇ ಹಸಿರು. ಮಗಳ ಮದುವೆಗೆ ಮನೆಗೆ ಬಣ್ಣ ಬಳಿಯುವಾಗ ಡಬ್ಬಿಯಲ್ಲಿ ಉಳಿದದ್ದನ್ನು ಅಜ್ಜಿ ಏಕತಾರಿಗೂ ಬಳಿದಿದ್ದರಂತೆ. 'ಮನ್ಯಾಗ ಎಲ್ಲಾರೂ ಹೊಸಾದು ಹಾಕ್ಕೊಂಡಾರ, ಇದೊಂದ್ಯಾಕ ಹಳೇದ್ರಾಗ ಇರ್ಲಿ ಅಂದ್ಲು ತಮ್ಮಾ.' ಅಜ್ಜಿ ಈಗಿಲ್ಲ.

ಇಲ್ಲಿ ಪ್ರಶ್ನೆ ಬರೀ ಭಾವನೆಯದಲ್ಲ, ಇತಿಹಾಸ ಬರೆಯುವ ಕ್ರಮದ್ದು. ಮೂಲ ಯಾವುದು? ಬುರುಡೆ ಕೆಡದೆ ಉಳಿದಿರುವುದರಲ್ಲಿ ಆ ಪೇಂಟಿನ ಪಾಲೂ ಇದೆ. ಅದು ಹುಳವನ್ನೂ ತೇವವನ್ನೂ ತಡೆದಿದೆ. ಅದನ್ನು ಕೆರೆದು ತೆಗೆದರೆ ಸಿಗುವುದು ಮೂಲವಲ್ಲ, ಒಬ್ಬ ಹೆಣ್ಣುಮಗಳ ಕೈಕೆಲಸ ಕಳೆದುಕೊಂಡ ಏಕತಾರಿ. ಭಜನೆಯ ಮೇಳಗಳ ಚರಿತ್ರೆಯಲ್ಲಿ ಹೆಂಗಸರ ಹೆಸರು ಮೊದಲೇ ಕಡಿಮೆ. ಹಾಡಿದವರು, ಪದ ಕಟ್ಟಿದವರು, ವಾದ್ಯ ನುಡಿಸಿದವರು ಗಂಡಸರೆಂದೇ ದಾಖಲೆ ಹೇಳುತ್ತದೆ. ಈ ವಾದ್ಯದ ಮೇಲೆ ಮಾತ್ರ ಒಬ್ಬಾಕೆಯ ಕುಂಚದ ಗುರುತು ಎದ್ದು ಕಾಣುತ್ತದೆ. ಬಣ್ಣ ಇಳಿದು ಗಟ್ಟಿಯಾದ ಹನಿಗಳೂ ಇವೆ. ಕಲಾಕೃತಿಯೊಂದು ಮಾಡಿದ ಗಳಿಗೆಯದಷ್ಟೇ ಅಲ್ಲ, ಅಲ್ಲಿಂದ ನಮ್ಮವರೆಗೆ ದಾಟಿ ಬಂದ ಕಾಲದ್ದೂ ಹೌದು, ಜೀರ್ಣೋದ್ಧಾರ ಮಾಡುವವರು ಎರಡನ್ನೂ ಗೌರವಿಸಬೇಕು ಎಂದು ಇಟಲಿಯ ಚೆಸಾರೆ ಬ್ರಾಂದಿ 1963ರ ತನ್ನ ಪುಸ್ತಕದಲ್ಲಿ ವಾದಿಸಿದ. ಆತನ ಮುಂದೆ ಇದ್ದದ್ದು ದೊಡ್ಡ ದೊಡ್ಡ ಚಿತ್ರಗಳು. ಮಾತು ಸೋರೆಬುರುಡೆಗೂ ಸಲ್ಲುತ್ತದೆ.

ಪೇಂಟು ಕೆರೆಯದಿರಲು ಇನ್ನೊಂದು ಕಾರಣವೂ ಇತ್ತು. ಹಳೆಯ ಆಯಿಲ್ ಪೇಂಟುಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಪೇಂಟನ್ನು ಉಜ್ಜುಕಾಗದದಲ್ಲಿ ಒಣಗಿದಂತೆಯೇ ಉಜ್ಜಿದರೆ ಆ ಧೂಳು ಮನೆಮಂದಿಯ ಉಸಿರಿಗೆ ಹೋಗುತ್ತದೆ. ಹಳೆಯ ವಾದ್ಯ, ಹಳೆಯ ತೊಟ್ಟಿಲು, ಹಳೆಯ ಕಿಟಕಿಗೆ ಮನೆಯಲ್ಲೇ ಹೊಸ ಬಣ್ಣ ಮಾಡಹೊರಡುವ ಎಲ್ಲರೂ ಇದನ್ನು ತಿಳಿದಿರಬೇಕು. ನಾನು ಒದ್ದೆ ಬಟ್ಟೆ ಹಿಂಡಿ ಮೆಲ್ಲಗೆ ಒರೆಸಿದೆ. ಚಕ್ಕೆ ಎದ್ದ ಅಂಚುಗಳ ಕೆಳಗೆ ನೀರು ಬೆರೆಸಿದ ಅಂಟನ್ನು ಸಣ್ಣ ಕುಂಚದಲ್ಲಿ ಬಿಟ್ಟು, ಬೆರಳಲ್ಲಿ ಒತ್ತಿ ಕೂರಿಸಿದೆ. ಹಸಿರು ಹಾಗೇ ಉಳಿಯಿತು.

ಸವೆದ ಜಾಗಗಳು

ಪೇಂಟು ಪೂರ್ತಿ ಹೋಗಿದ್ದ ಜಾಗಗಳು ಎರಡು, ಎರಡೂ ಬಿದಿರಿನ ಮೇಲೆ. ಒಂದು ಬುರುಡೆಯಿಂದ ಗೇಣು ಮೇಲೆ, ಬಲಕ್ಕೆ. ಇನ್ನೊಂದು ಅದಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿ, ಎಡಕ್ಕೆ. ಏಕತಾರಿಯನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು ಅದೇ ಕೈಯ ತೋರುಬೆರಳಲ್ಲಿ ಮೀಟುತ್ತಾರೆ. ಇನ್ನೊಂದು ಕೈ ತಾಳಕ್ಕೆ, ಚಿಟಿಕೆಗೆ. ಹಾಗಾಗಿ ಹಿಡಿವ ಅಂಗೈ ಯಾವಾಗಲೂ ಅದೇ ಜಾಗದಲ್ಲಿ ಕೂರುತ್ತದೆ. ಎರಡು ಸವೆತವೆಂದರೆ ಎರಡು ಕೈ: ಒಬ್ಬರು ಬಲಗೈಯವರು, ಇನ್ನೊಬ್ಬರು ಎಡಗೈಯವರು, ತೋಳೂ ಉದ್ದ. ಅಜ್ಜ ಬಲಗೈಯವರು. ಎಡಗೈ ಯಾರದೆಂದು ಕೇಳಿದಾಗ ಅಜ್ಜ ನಕ್ಕರು. ಅವರ ಸೋದರಮಾವ ಎಡಚನಂತೆ, ಏಕತಾರಿ ಮೊದಲು ಅವರದಂತೆ. ನನ್ನ ಪ್ರಶ್ನಾವಳಿಯಲ್ಲಿ 'ಹಾಡಿಕೆ ಯಾರಿಂದ ಕಲಿತಿರಿ' ಎಂಬುದಕ್ಕೆ ಅಜ್ಜ ಮೊದಲು ಹೇಳಿದ್ದು ಮಠದ ಸ್ವಾಮಿಗಳೊಬ್ಬರನ್ನು. ಕೇಳಿದರೆ ಗುರುವಿನ ಹೆಸರು ಹೇಳಬೇಕು, ಅದು ಮರ್ಯಾದೆ. ಸೋದರಮಾವನ ವಿಷಯ ಹೊರಬಂದದ್ದು ಬಿದಿರಿನ ಸವೆತದಿಂದ.

ಈ ಸವೆದ ಜಾಗಗಳಲ್ಲಿ ಬಿದಿರು ಕನ್ನಡಿಯಂತೆ ನುಣುಪಾಗಿತ್ತು, ಕಪ್ಪಗೆ ಮಿರುಗುತ್ತಿತ್ತು. ಅದು ಬರೀ ಬೆವರಲ್ಲ. ಈ ಸೀಮೆಯ ಅಡುಗೆಗೆ, ತಲೆಗೆ, ದೀಪಕ್ಕೆ ಹಿಂದೆ ಕುಸುಬಿ ಎಣ್ಣೆ ಬಳಕೆಯಲ್ಲಿತ್ತು. ಕುಸುಬಿ, ಅಗಸಿ ಎಣ್ಣೆಗಳಿಗೆ ಒಂದು ಗುಣವಿದೆ: ಗಾಳಿಗೆ ಒಡ್ಡಿದರೆ ನಿಧಾನವಾಗಿ ಗಟ್ಟಿಯಾಗಿ ತೆಳು ಪದರವಾಗುತ್ತವೆ. ಕೊಬ್ಬರಿ ಎಣ್ಣೆ ಹಾಗೆ ಒಣಗುವುದಿಲ್ಲ. ವರ್ಷಗಟ್ಟಲೆ ಅಂಗೈಯ ಎಣ್ಣೆ, ವಿಭೂತಿ, ದೀಪದ ಮಸಿ ಕೂಡಿ ಆದ ಪದರ ಅದು. ಯಾವ ಅಂಗಡಿಯ ಪಾಲಿಶೂ ಇಂಥ ಮೆರುಗು ಕೊಡಲಾರದು. ಇದನ್ನು ನಾನು ಮುಟ್ಟಲಿಲ್ಲ. ಒಣ ಬಟ್ಟೆಯಲ್ಲಿ ಧೂಳು ಒರೆಸಿದ್ದಷ್ಟೆ.

ಬಿದಿರು ಸೀಳಿದ್ದು ಯಾಕೆ

ಬಿರಡೆಯ ತೂತಿನಿಂದ ಬಿದಿರು ಸೀಳಿದ್ದಕ್ಕೆ ವಯಸ್ಸೇ ಕಾರಣವೆಂದು ಮೊದಲು ಅನ್ನಿಸಿತು. ಬಿರಡೆ ಬಿಚ್ಚಿದಾಗ ಬೇರೆಯೇ ಕಂಡಿತು. ತೂತನ್ನು ಒಮ್ಮೆ ದೊಡ್ಡದು ಮಾಡಿ, ದಪ್ಪ ಬಿರಡೆ ಹಾಕಿ, ಅದೂ ಜಾರಿದಾಗ ಬಟ್ಟೆ ಸುತ್ತಿ ತುರುಕಿದ್ದರು. ಯಾರೋ ತಂತಿಯನ್ನು ಮೊದಲಿಗಿಂತ ಬಹಳ ಬಿಗಿಯಾಗಿ ಎಳೆಯಲು ಒದ್ದಾಡಿದ್ದಾರೆ.

ಅಜ್ಜನ ಉತ್ತರ ಒಂದೇ ಮಾತು: 'ಪೇಟಿ ಬಂತಲ್ಲ.' ಭಜನೆಗೆ ಹಾರ್ಮೋನಿಯಂ ಬಂತು. ಕೈಯಲ್ಲಿ ತಿದಿಯೊತ್ತುವ ಹಾರ್ಮೋನಿಯಮ್ಮನ್ನು ಕೋಲ್ಕತ್ತದ ದ್ವಾರಕಾನಾಥ ಘೋಷರು 1875ರಲ್ಲಿ ರೂಪಿಸಿದರು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತ್ತು. ಭಾರತೀಯ ಸಂಗೀತದ ಸೂಕ್ಷ್ಮ ಸ್ವರಗಳಿಗೆ ಅದು ಒಗ್ಗದು ಎಂಬ ವಾದ ಅದರ ಹಿಂದಿತ್ತು. ಹಳ್ಳಿಯ ಭಜನಾಮೇಳಗಳು ಈ ಚರ್ಚೆಗೆ ಕಾಯಲಿಲ್ಲ. ಕಂಪನಿ ನಾಟಕದ ಪೇಟಿ ಮಾಸ್ತರರು ಊರೂರಿಗೆ ಹಾಡು ಕಲಿಸಿದರು, ಪೇಟಿ ಗುಡಿಗೂ ಬಂತು.

ಏಕತಾರಿ ಒಂಟಿಯಾಗಿದ್ದಾಗ ಸುತಿ ಹಾಡುವವನ ಗಂಟಲಿಗೆ ಹೊಂದಿಕೊಂಡಿರುತ್ತಿತ್ತು. ಹೊತ್ತಾರೆ ಒಂದು, ನಡುರಾತ್ರಿ ಒಂದು, ವಯಸ್ಸಾದಂತೆ ಇನ್ನೊಂದು. ಪೇಟಿಗೆ ಗಂಟಲಿಲ್ಲ, ಮನೆಗಳಿವೆ. ಮೇಳದ ಎಲ್ಲರೂ ಪೇಟಿಯ ಯಾವುದೋ ಒಂದು ಮನೆಗೆ ಬರಬೇಕು. ಬಿಳಿ ಒಂದರಲ್ಲಿದ್ದ ತಂತಿಯನ್ನು ಕಪ್ಪು ಎರಡಕ್ಕೆ ಏರಿಸಿದರೆಂದುಕೊಳ್ಳಿ. ಏರಿದ್ದು ಮೂರು ಮನೆ ಮಾತ್ರ, ಕಂಪನದ ಲೆಕ್ಕದಲ್ಲಿ ಸುಮಾರು 19 ಶೇಕಡ. ಆದರೆ ತಂತಿಯ ಬಿಗಿತ ಕಂಪನದ ವರ್ಗದಂತೆ ಏರುತ್ತದೆ. ಅದೇ ತಂತಿ, ಅದೇ ಉದ್ದ ಇಟ್ಟುಕೊಂಡು ಮೂರು ಮನೆ ಏರಿಸಬೇಕಾದರೆ ಬಿಗಿತ ಸುಮಾರು 41 ಶೇಕಡ ಹೆಚ್ಚಬೇಕು. ಆ ಭಾರ ಬೀಳುವುದು ಬಿರಡೆಯ ತೂತಿನ ಮೇಲೆ, ತೊಗಲಿನ ಮೇಲೆ, ಬುರುಡೆಯ ತುಟಿಯ ಮೇಲೆ. ಈ ಏಕತಾರಿ ಸೀಳಿದ್ದೂ ಆ ಜಾಗಗಳಲ್ಲೇ. ಪೇಟಿ ಬಂದ ಮೇಲೆ ಹಾಡಿಕೆ ಬದಲಾಯಿತೆಂದು ಸಂಗೀತದ ಚರಿತ್ರಕಾರರು ಬರೆಯುತ್ತಾರೆ. ಬದಲಾವಣೆಯ ಭಾರ ಎಲ್ಲಿ ಬಿತ್ತೆಂದು ಈ ಬಿದಿರು ತೋರಿಸುತ್ತದೆ.

ಸುತಿಯನ್ನು ಗಂಟಲಿಗೆ ತಕ್ಕಂತೆ ಜಗ್ಗುವ, ಸಡಿಲಿಸುವ ಸ್ವಾತಂತ್ರ್ಯ ಇನ್ನೊಂದು ಏಕತಾರದಲ್ಲಿ ಉಳಿದಿದೆ. ಬಂಗಾಳದ ಬಾವುಲರ ಏಕತಾರದಲ್ಲಿ ಬಿದಿರನ್ನು ಸೀಳಿ ಎರಡು ಕಾಲು ಮಾಡಿರುತ್ತಾರೆ. ಹಿಚುಕಿದರೆ ತಂತಿ ಸಡಿಲಾಗಿ ಸ್ವರ ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ನಮ್ಮಲ್ಲಿ ಬಿದಿರು ಸೀಳಿದರೆ ಕೆಟ್ಟಿತು, ಅಲ್ಲಿ ಸೀಳದಿದ್ದರೆ ವಾದ್ಯವೇ ಇಲ್ಲ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಪುನರ್ವಸತಿ ಕ್ಯಾಂಪುಗಳು ನಮ್ಮ ಸಿಂಧನೂರಿನಲ್ಲಿವೆ. ಬಾವುಲರ ಹಾಡಿಕೆಯನ್ನು ಯುನೆಸ್ಕೋ 2008ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ದೇಹವೇ ಮಂದಿರ, ಗುರುವೇ ದಾರಿ ಎನ್ನುವ ಎರಡು ಹಾಡುಪರಂಪರೆಗಳ ಜನ ತುಂಗಭದ್ರೆಯ ಒಂದೇ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದಾರೆ. ಯಾರಾದರೂ ಕೂತು ಇಬ್ಬರ ಪದಗಳನ್ನೂ ಒಟ್ಟಿಗೆ ಕೇಳಬೇಕು.

ಕಟ್ಟಿದ್ದು

ಮನೆಯಲ್ಲೇ ಮಾಡಬಲ್ಲ ಕೆಲಸ ಇದು, ಅವಸರ ಇರಬಾರದು ಅಷ್ಟೆ. ಬುರುಡೆಯ ಬಿರುಕಿಗೆ ಹುಣಸೆಬೀಜದ ಅಂಟು ಬಳಸಿದೆ. ಕೊಪ್ಪಳದ ಕಿನ್ನಾಳದ ಕಲಾವಿದರು ಮರದ ಮೂರ್ತಿಗಳಿಗೆ ಇಂದಿಗೂ ಬಳಸುವ ಅಂಟು. ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ ಅರೆದು, ನೀರಲ್ಲಿ ಕುದಿಸಿದರೆ ಗಂಜಿಯಂಥ ಸರಿ ಬರುತ್ತದೆ. ಬಿರುಕಿನ ಒಳಮೈಗೆ ಹಳೆಯ ಧೋತರದ ತೆಳು ಅರಿವೆ ಇಟ್ಟು ಅದರ ಮೇಲೆ ಸರಿ ಬಳಿದೆ. ಎರಡು ದಿನ ನೆರಳಲ್ಲಿ ಒಣಗಿತು. ಬುರುಡೆಯ ಹಳೆಯ ಅಂಟುಗಳಲ್ಲಿ ಒಂದು ಕಪ್ಪಾಗಿ ಪುಡಿಯಾಗಿತ್ತು, ಇನ್ನೊಂದು ಬಿಳಿಯ ಫೆವಿಕಾಲು. ನನ್ನದು ಮೂರನೆಯದು. ಬೇಕಾದಾಗ ನೀರು ಹಚ್ಚಿ ಬಿಡಿಸಬಹುದು, ಅದಕ್ಕೇ ಅದನ್ನು ಆರಿಸಿದ್ದು. ಮುಂದೆ ಇದನ್ನು ರಿಪೇರಿ ಮಾಡುವವರಿಗೆ ನನ್ನ ಕೆಲಸ ಅಡ್ಡಿಯಾಗಬಾರದು.

ಬಿದಿರಿನ ಸೀಳಿಗೆ ಅಂಟು ಬಿಟ್ಟು, ಮೇಣ ಹಚ್ಚಿದ ದಾರವನ್ನು ಒತ್ತೊತ್ತಾಗಿ ಸುತ್ತಿದೆ. ಬಿರಡೆಯ ಮೇಲೂ ಕೆಳಗೂ ಎರಡೆರಡು ಬೆರಳಗಲ. ಮೇಕೆಯ ತೊಗಲು ರಾತ್ರಿ ನೆನೆದು ಮೆತ್ತಗಾಯಿತು, ಬುರುಡೆಯ ಬಾಯಿಗೆ ಎಳೆದು ಬಿಗಿದೆ. ನೆನೆದ ತೊಗಲನ್ನು ಅತಿಯಾಗಿ ಎಳೆಯಬಾರದು. ಒಣಗುವಾಗ ಅದೇ ಬಿಗಿಯುತ್ತದೆ, ಆಗ ಹಳೆಯ ಬುರುಡೆಯ ತುಟಿ ಒಡೆದೀತು. ಬಿಸಿಲಿಗಿಡದೆ ನೆರಳಲ್ಲೇ ಒಣಗಿಸಬೇಕು. ಕುದುರೆಯನ್ನು ತೆಂಗಿನ ಚಿಪ್ಪಿನಿಂದ ಉಜ್ಜಿ ಮಾಡಿಕೊಂಡೆ. ಬ್ರೇಕ್ ವೈರಿನ ಎಳೆ ಬಿಟ್ಟು ವಾದ್ಯದ ಉಕ್ಕಿನ ತಂತಿ ಹಾಕಿದೆ, ತೆಳುವಾದದ್ದು. ತೆಳು ತಂತಿಗೆ ಅದೇ ಸುತಿಯಲ್ಲಿ ಬಿಗಿತ ಕಡಿಮೆ ಸಾಕು, ಬಿದಿರಿನ ಮೇಲೆ ಭಾರ ಇಳಿಯುತ್ತದೆ.

ಉಳಿದದ್ದು ಹೊಳಪು. ಹಸಿರೂ ಇಲ್ಲದ, ಕೈಯ ಮೆರುಗೂ ಇಲ್ಲದ ಬೋಳು ಜಾಗಗಳಿಗೆ ಏನಾದರೂ ಬಳಿಯಲೇಬೇಕು, ಇಲ್ಲವಾದರೆ ತೇವ ಕುಡಿಯುತ್ತದೆ. ಹಸಿರಿನ ಕೆಳಗೆ ಇಣುಕುತ್ತಿದ್ದ ಕಂದು ಪದರಕ್ಕೆ ಸ್ಪಿರಿಟ್ ಮುಟ್ಟಿಸಿ ನೋಡಿದರೆ ಅದು ಕರಗಿ ಬೆರಳಿಗಂಟಿತು. ಅಂದರೆ ಅರಗು. ಮರಗಳ ಎಳೆಕೊಂಬೆಗಳ ಮೇಲೆ ಅರಗಿನ ಹುಳ ಸ್ರವಿಸುವ ಅಂಟು; ಪಾಂಡವರ ಕತೆಯಲ್ಲಿ ಮನೆಯಾದದ್ದು, ಅಂಚೆ ಕಚೇರಿಯಲ್ಲಿ ಮುದ್ರೆಯಾದದ್ದು, ಚನ್ನಪಟ್ಟಣದಲ್ಲಿ ಗೊಂಬೆಯ ಬಣ್ಣವಾದದ್ದು. ಅರಗಿನ ಚಕ್ಕೆ ಒಂದು ಪಾಲು, ಸ್ಪಿರಿಟ್ ಐದು ಪಾಲು, ಒಂದು ರಾತ್ರಿ ನೆನೆಸಿಟ್ಟು, ಬಟ್ಟೆಯಲ್ಲಿ ಸೋಸಿದರೆ ಪಾಲಿಶ್ ಸಿದ್ಧ. ಹತ್ತಿಯ ಉಂಡೆಯನ್ನು ಮೆದು ಬಟ್ಟೆಯಲ್ಲಿ ಕಟ್ಟಿ, ಅದ್ದಿ, ತೆಳ್ಳಗೆ ಸವರಬೇಕು. ಒಣಗಿದ ಮೇಲೆ ಮತ್ತೊಂದು ಕೈ. ನಾನು ಎಂಟು ಕೈ ಸವರಿದೆ, ನಾಲ್ಕು ದಿನದಲ್ಲಿ. ಮಳೆಯ ದಿನ ಸವರಬಾರದು, ತೇವಕ್ಕೆ ಬೆಳ್ಳಗಾಗುತ್ತದೆ. ಹತ್ತಿರ ಒಲೆ, ದೀಪ ಇರಬಾರದು, ಸ್ಪಿರಿಟ್ ಹತ್ತಿಕೊಳ್ಳುತ್ತದೆ.

ಅರಗಿನ ಒಂದು ಗುಣ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆಯಿಲ್ ಪೇಂಟು ಹಳೆಯದರ ಮೇಲೆ ಮುಚ್ಚಿಕೊಂಡು ಕೂರುತ್ತದೆ. ಅರಗು ಹಾಗಲ್ಲ. ಹೊಸ ಅರಗಿನಲ್ಲಿರುವ ಸ್ಪಿರಿಟ್ ಹಳೆಯ ಅರಗಿನ ಮೇಲ್ಮೈಯನ್ನು ಕೊಂಚ ಕರಗಿಸುತ್ತದೆ, ಎರಡೂ ಕೂಡಿ ಒಂದೇ ಪದರವಾಗುತ್ತವೆ. ಮೊದಲು ಬಳಿದವರ ಅರಗು ಎಲ್ಲಿ ಮುಗಿಯಿತು, ನನ್ನದು ಎಲ್ಲಿ ಶುರುವಾಯಿತು ಎಂದು ಈಗ ಹೇಳಲಾಗದು. ತತ್ವಪದಗಳ ಪಾಠವೂ ಹೀಗೇ ಬೆಳೆದಿದೆ. ಅಂಕಿತ ಒಬ್ಬರದು ಇರುತ್ತದೆ, ನಡುವಿನ ಒಂದು ನುಡಿ ಯಾವ ಊರಿನ ಯಾವ ಭಜನೆಯಲ್ಲಿ ಸೇರಿತೋ ಯಾರೂ ಹೇಳರು. ಮೂಲಪಾಠ ಹುಡುಕುವ ನಮ್ಮಂಥವರಿಗೆ ಅದು ತೊಡಕು, ಹಾಡುವವರಿಗೆ ಅಲ್ಲ.

ಆದರೆ ಸಂಶೋಧಕನಾಗಿ ನನಗೆ ಗುರುತಿಲ್ಲದೆ ಕರಗಿಹೋಗುವ ಹಕ್ಕಿಲ್ಲ. ಏನು ಬಳಸಿದೆ, ಎಲ್ಲಿ ಬಳಸಿದೆ, ಏನನ್ನು ಮುಟ್ಟಲಿಲ್ಲ ಎಂದು ಒಂದು ಚೀಟಿ ಬರೆದು, ತೊಗಲು ಬಿಗಿಯುವ ಮೊದಲೇ ಬುರುಡೆಯ ಒಳಮೈಗೆ ಅಂಟಿಸಿದ್ದೆ. ಎಡಗೈಯ ಸೋದರಮಾವ, ಹಸಿರು ಬಳಿದ ಅಜ್ಜಿ, ಇಬ್ಬರನ್ನೂ ಅದರಲ್ಲಿ ಬರೆದೆ. ಮುಂದೆ ತೊಗಲು ಹರಿದಾಗ ಬಿಚ್ಚುವವರು ಓದಲಿ ಎಂದು.

ಶ್ರಾವಣದ ಎರಡನೇ ಸೋಮವಾರ ಏಕತಾರಿ ವಳಕಮದಿನ್ನಿಗೆ ಹೋಯಿತು. ಅಜ್ಜ ಮೊದಲು ಹಸಿರನ್ನು ನೋಡಿದರು, ಏನೂ ಅನ್ನಲಿಲ್ಲ. ಹಿಡಿದರು, ಅಂಗೈ ತನ್ನ ಜಾಗ ತಾನೇ ಕಂಡುಕೊಂಡಿತು. ಮೀಟಿ ಕಿವಿಗೊಟ್ಟು, ತಂತಿಯ ಕೆಳಗೆ ಹತ್ತಿಯ ಎಳೆಯೊಂದನ್ನು ತೂರಿಸಿ ಹಿಂದೆ ಮುಂದೆ ಸರಿಸಿದರು. ನಾನು ಎಷ್ಟು ಸಲ ಪ್ರಯತ್ನಿಸಿದರೂ ಬರದಿದ್ದ ಝೇಂಕಾರ ಅವರ ಬೆರಳಿಗೆ ಒಂದೇ ನಿಮಿಷದಲ್ಲಿ ಸಿಕ್ಕಿತು. ಚೀಟಿಯ ವಿಷಯ ಹೇಳಿದೆ. ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿ, 'ಸಪ್ಪಳ ಮಾಡಂಗಿಲ್ಲಲ್ಲ? ಇರ್ಲಿ ಬಿಡು' ಅಂದರು. ಪೇಟಿಯವರು ಕಪ್ಪು ಎರಡು ಹಿಡಿದು ಕಾಯುತ್ತಿದ್ದರು. ಅಜ್ಜ ಬಿರಡೆಗೆ ಕೈ ಹಾಕಿದರು, ಒಂದು ಸುತ್ತು ತಿರುಗಿಸಿದರು, ದಾರ ಸುತ್ತಿದ ಜಾಗವನ್ನು ಹೆಬ್ಬೆರಳಲ್ಲಿ ತಡವಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಪೇಟಿಯವರಿಗೆ ಹೇಳಿದರು: 'ಇವತ್ತ ನೀವ ಒಂದೀಟು ಕೆಳಗ ಬರ್ರಿ.'